ಆ್ಯಪ್‌ಗೆ ನಮ್ಮೂರ ಮಳೆ ಅಂದರೆ ಬರೀ ಗಲಾಟೆ

"ಮೆಸೇಜ್, ವಿಡಿಯೊ ಕಾಲ್ ಆ್ಯಪ್‌ಗಳಲ್ಲಿ ನಿಮಗೆ ತುಂಬಾ ಕಿರಿಕಿರಿ ಅನ್ನಿಸುವುದು ಯಾವುದು?" ಅಂತ ಕೇಳಿದ್ದೀರಿ. ಕಾಲ್ ಕಟ್ ಆಗುವುದು, ಬೆಳಗಾಗುತ್ತಲೇ ಗುಲಾಬಿ ಹೂವಿನ ಶುಭೋದಯ, ಇದೆಲ್ಲ ಎಲ್ಲರಿಗೂ ಇದ್ದದ್ದೇ. ನನ್ನದು ಸ್ವಲ್ಪ ವಿಚಿತ್ರ, ನಗಬೇಡಿ. ನನಗೆ ಮಳೆ ಕೇಳಿಸುವುದಿಲ್ಲ.

ನಾನಿರುವುದು ಶಾರ್ಜಾದಲ್ಲಿ. ಊರು ತೀರ್ಥಹಳ್ಳಿ ಕಡೆ, ಆಗುಂಬೆಗೆ ಹತ್ತಿರ. ಆಗುಂಬೆ ಅಂದರೆ ಗೊತ್ತಲ್ಲ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಇಲ್ಲಿ ನಾಲ್ಕು ದಿನ ಹನಿ ಬಿದ್ದರೆ ಅದೇ ದೊಡ್ಡದು. (2024ರ ಏಪ್ರಿಲ್‌ನಲ್ಲಿ ಒಂದು ಸಲ ಸುರಿದು ರಸ್ತೆಯೆಲ್ಲ ಕೆರೆಯಾಗಿತ್ತು, ಅದೊಂದು ಬಿಡಿ.) ಹಾಗಾಗಿ ಜೂನ್ ಬಂದರೆ ನಾನು ಅಮ್ಮನಿಗೆ ಕಾಲ್ ಮಾಡುವುದೇ ಅರ್ಧ ಮಳೆಗೋಸ್ಕರ.

ಹೋದ ಮಳೆಗಾಲದಲ್ಲಿ ಅಮ್ಮ ಜಗಲಿ ತುದಿಗೆ ಬಂದು ಫೋನನ್ನು ಅಂಗಳದ ಕಡೆ ತಿರುಗಿಸಿ ಹಿಡಿದಳು. ಹೆಂಚಿನ ಅಂಚಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿದೆ, ಕೆಳಗೆ ಇಟ್ಟ ಕೊಡಪಾನ ತುಂಬಿ ಚೆಲ್ಲುತ್ತಿದೆ, ಆಚೆ ತೋಟ ಕಾಣುವುದೇ ಇಲ್ಲ, ಎಲ್ಲ ಬೆಳ್ಳಗೆ. ಆದರೆ ಸದ್ದೇ ಇಲ್ಲ! "ಕೇಳ್ತದಾ?" ಅಂತ ಅಮ್ಮ ಕೇಳಿದ್ದು ಮಾತ್ರ ಎಷ್ಟು ಸ್ಪಷ್ಟ ಅಂದರೆ ರೇಡಿಯೊದಲ್ಲಿ ವಾರ್ತೆ ಓದಿದ ಹಾಗೆ. ಇಲ್ಲಮ್ಮಾ ಅಂದೆ. ಫೋನನ್ನು ಇನ್ನೂ ಮುಂದೆ ಚಾಚಿ ಕೂಗಿದಳು. ಕೂಗೂ ಚೆನ್ನಾಗಿ ಬಂತು. ಅವಳು ಸುಮ್ಮನಾದ ಕೂಡಲೇ ಇಡೀ ಅಂಗಳ ಮೂಕ.

ಫೋನ್ ಹಾಳಾಗಿರಲಿಲ್ಲ. ಈ ಆ್ಯಪ್‌ಗಳ ಒಳಗೆ ಸದ್ದು ಸೋಸುವ ಒಂದು ಏರ್ಪಾಡು ಇರುತ್ತದೆ. ಮನುಷ್ಯರ ದನಿ ಯಾವುದು, ಉಳಿದದ್ದು ಯಾವುದು ಅಂತ ನೋಡಿ, ಉಳಿದದ್ದನ್ನು ತೆಗೆದು ಬಿಸಾಕುತ್ತದೆ. ಫ್ಯಾನು, ಎ.ಸಿ., ಮಳೆ ಇವೆಲ್ಲ ಒಂದೇ ಸಮ ಬರುವ ಸದ್ದುಗಳು, ಅದಕ್ಕೇ ಮೊದಲು ಸಿಕ್ಕಿಬೀಳುವುದೂ ಇವೇ. ಮಾತು ಹಾಗಲ್ಲ, ಏರುತ್ತದೆ, ಇಳಿಯುತ್ತದೆ, ನಡುವೆ ನಿಲ್ಲುತ್ತದೆ. ಆಫೀಸ್ ಮೀಟಿಂಗ್‌ಗೆ ಇದು ವರವೇ, ಪಕ್ಕದ ಮನೆಯಲ್ಲಿ ಗೋಡೆ ಕೊರೆಯುತ್ತಿದ್ದರೂ ನನ್ನ ಮ್ಯಾನೇಜರ್‌ಗೆ ಗೊತ್ತಾಗುವುದಿಲ್ಲ. ಆದರೆ ಊರಿಂದ ನನಗೆ ಬೇಕಾಗಿರುವುದೇ ಅದು ಬಿಸಾಕುವ ಸದ್ದು. ಒಂದು ಸಲ ಅಪ್ಪ ಬಯಲಾಟಕ್ಕೆ ಹೋದವರು ಅಲ್ಲಿಂದಲೇ ಕಾಲ್ ಮಾಡಿದ್ದರು. ಭಾಗವತರ ಪದ ಅರ್ಧರ್ಧ ಬಂತು, ಚಂಡೆ ಮಾತ್ರ ನೀರಲ್ಲಿ ಮುಳುಗಿಸಿ ಬಾರಿಸಿದ ಹಾಗಿತ್ತು. ಪಕ್ಕದಲ್ಲಿ ಕೂತು ಕಡಲೆ ತಿನ್ನುತ್ತಿದ್ದವರ ಮಾತು ಮಾತ್ರ ಅಚ್ಚುಕಟ್ಟು!

ಇನ್ನೂ ಹೊಟ್ಟೆ ಉರಿಯುವುದು ಏನು ಗೊತ್ತಾ? ಹಳೇ ಲ್ಯಾಂಡ್‌ಲೈನ್ ದಾಟಿಸುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್ ಅಷ್ಟೇ. ದನಿ ಡಬ್ಬದೊಳಗಿಂದ ಬಂದ ಹಾಗೆ ಬರುತ್ತಿತ್ತು. ಆದರೆ ಅದರಲ್ಲಿ ಮಳೆ ಕೇಳಿಸುತ್ತಿತ್ತು. ನಾನು ಹಾಸ್ಟೆಲ್‌ನಲ್ಲಿದ್ದಾಗ ಎಸ್‌ಟಿಡಿ ಬೂತಿನಲ್ಲಿ ನಿಂತು ಮನೆಗೆ ಮಾಡಿದರೆ, ಅಮ್ಮ ಹಲೋ ಅನ್ನುವ ಮೊದಲೇ ಊರಲ್ಲಿ ಮಳೆ ಬರುತ್ತಿದೆ ಅಂತ ಗೊತ್ತಾಗುತ್ತಿತ್ತು.

ಬೇರೆ ಕಿರಿಕಿರಿಗಳೂ ಇವೆ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಇಂಟರ್‌ನೆಟ್ ಕಾಲ್‌ಗೆ ಇಲ್ಲಿನ ಸರ್ಕಾರ ಒಪ್ಪಿದ ಆ್ಯಪ್‌ಗಳೇ ಬೇಕು. ಹಾಗಾಗಿ ಅಮ್ಮನ ಫೋನಿನಲ್ಲಿ ನನ್ನೊಬ್ಬಳಿಗೋಸ್ಕರ ಒಂದು ಆ್ಯಪ್, ಬೆಂಗಳೂರಿನ ತಮ್ಮನಿಗೆ ಇನ್ನೊಂದು, ಅಮೆರಿಕದ ಚಿಕ್ಕಮ್ಮನಿಗೆ ಮತ್ತೊಂದು. ಅಮ್ಮನಿಗೆ ಹೆಸರೆಲ್ಲ ಬೇಡ, ಹಸಿರುದು, ನೀಲಿದು, ಕ್ಯಾಮೆರಾ ಇರೋದು, ಅಷ್ಟೇ. ಅಪ್‌ಡೇಟ್ ಅಂತ ಯಾವುದಾದರೂ ಬಣ್ಣ ಬದಲಾಯಿಸಿತೋ, ನಾನು ಎರಡು ದಿನ ಮಗಳಾಗಿ ಇರುವುದಿಲ್ಲ.

ಮೆಸೇಜ್ ಅಳಿಸುವುದು ಇನ್ನೊಂದು ಪೀಡೆ. ಒಂದು ದಿನ ಬೆಳಗಿನ ಜಾವ ಎಚ್ಚರಾಗಿ ನೋಡಿದರೆ ಮನೆ ಗ್ರೂಪಿನಲ್ಲಿ ಅಪ್ಪ ಏನೋ ಹಾಕಿ ಅಳಿಸಿದ್ದಾರೆ. ಹೊತ್ತು 4.10, ಅಂದರೆ ಊರಲ್ಲಿ 5.40. ಅಷ್ಟು ಹೊತ್ತಿಗೆ ಯಾಕೆ ಬರೆದರು, ಬರೆದದ್ದನ್ನು ಯಾಕೆ ತೆಗೆದರು? ಅಜ್ಜಿಗೆ ಹುಷಾರಿಲ್ಲದ ಸಮಯ ಬೇರೆ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ, ಕರೆಂಟ್ ಹೋಗಿ ಟವರ್ ಬ್ಯಾಟರಿಯೂ ಖಾಲಿಯಾಗಿತ್ತಂತೆ. ಏಳೂವರೆಗೆ ಸಿಕ್ಕರು. ರಾಶಿ ಅಡಿಕೆ ರೇಟನ್ನು ಅಡಿಕೆ ಗ್ರೂಪಿಗೆ ಹಾಕುವ ಬದಲು ನಮ್ಮ ಗ್ರೂಪಿಗೆ ಹಾಕಿದ್ದರಂತೆ. ಅಳಿಸುವುದಾದರೆ ಪೂರ್ತಿ ಅಳಿಸಬೇಕಪ್ಪ. "ಇಲ್ಲೊಂದು ಇತ್ತು, ಈಗ ಇಲ್ಲ" ಅಂತ ಬೋರ್ಡ್ ಹಾಕುವುದು ಯಾಕೆ?

ಮಳೆ ವಿಷಯಕ್ಕೆ ಬರುತ್ತೇನೆ. ನಿಮಗೂ ಇದೇ ತೊಂದರೆ ಇದ್ದರೆ, ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಆಯ್ಕೆ ಇದೆ, ಸಂಗೀತ ಪಾಠ ಮಾಡುವವರು ಬಳಸುತ್ತಾರೆ. ತೊಡಕು ಏನೆಂದರೆ ಅದನ್ನು ಒತ್ತಬೇಕಾದ್ದು ಕೇಳುವ ನಾನಲ್ಲ, ಆ ಕಡೆ ಇರುವ ಅಮ್ಮ. ಅದನ್ನು ಫೋನಲ್ಲೇ ಹೇಳಿಕೊಡಲು ಹೋಗಿ ಎರಡು ಸಲ ಜಗಳವಾಯಿತು, ಬಿಟ್ಟೆ.

ಈಗ ಅಪ್ಪ ಫೋನಿನ ರೆಕಾರ್ಡರ್ ಆನ್ ಮಾಡಿ ಜಗಲಿ ಮೇಲೆ ಇಟ್ಟು, ಆಮೇಲೆ ಆ ಫೈಲ್ ಕಳಿಸುತ್ತಾರೆ. ಅದರಲ್ಲಿ ಎಲ್ಲ ಬರುತ್ತದೆ, ಕಪ್ಪೆ ಕೂಡ. ಹೋದ ವಾರ ಬಂದದ್ದು ಏಳು ನಿಮಿಷದ್ದು. ಮೂರನೇ ನಿಮಿಷದಲ್ಲಿ ಅಪ್ಪ ಕೆಮ್ಮುತ್ತಾರೆ, ಒಳಗಿಂದ ಅಮ್ಮನ ದನಿ: "ಸುಮ್ನಿರಿ ಮಾರಾಯ್ರೆ, ಅವಳಿಗೆ ಮಳೆ ಕೇಳ್ಬೇಕಂತೆ."