ಮೂರು ಅಂಗುಲದ ಸುಳ್ಳು, ಐದು ವಾರದ ಚಾಟ್

ಸಲಹೆಗೆಂದು ನನ್ನ ಬಳಿ ಬಂದ ಶ (ಗುರುತು ಸಿಗದಂತೆ ವಿವರ ಬದಲಿಸಿದೆ): 33 ವರ್ಷ, ದಾವಣಗೆರೆ ಕಡೆಯವರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹಿಂಜ್ ಎಂಬ ಡೇಟಿಂಗ್ ಆ್ಯಪ್‌ನಲ್ಲಿ ಹನ್ನೊಂದು ತಿಂಗಳಿಂದ ಇದ್ದಾರೆ. ಮ್ಯಾಚ್‌ಗೆ (ಇಬ್ಬರೂ ಪರಸ್ಪರ ಮೆಚ್ಚುವುದಕ್ಕೆ) ಬರವಿಲ್ಲ. ನಾಲ್ವರನ್ನು ಭೇಟಿಯಾದರು, ನಾಲ್ಕೂ ಮೊದಲ ಕಾಫಿಗೇ ಮುಗಿದವು. "ಚಾಟ್‌ನಲ್ಲಿ ರಾತ್ರಿ ಎರಡರವರೆಗೂ ಮಾತಾಡ್ತಾರೆ ಮೇಡಂ, ಎದುರಿಗೆ ಬಂದ್ರೆ ಇಪ್ಪತ್ತು ನಿಮಿಷಕ್ಕೆ ಎದ್ದು ಹೋಗ್ತಾರೆ" ಎಂಬುದು ದೂರು.

ಇಬ್ಬರೂ ಕೂತು ಪ್ರೊಫೈಲ್ ನೋಡಿದೆವು. ಆರು ಫೋಟೊಗಳಲ್ಲಿ ನಾಲ್ಕು 2019ರವು, ತಲೆತುಂಬ ಕೂದಲಿದ್ದ ಕಾಲದವು. ಮೊದಲನೆಯದರಲ್ಲಿ ಐವರು ಗೆಳೆಯರಿದ್ದಾರೆ, ಇವರನ್ನು ಹುಡುಕಬೇಕು. ಎತ್ತರ 5 ಅಡಿ 9 ಅಂಗುಲ ಎಂದಿತ್ತು. ಗೋಡೆಗೆ ನಿಂತು ಅಳೆದಾಗ 5 ಅಡಿ 6. "ಎತ್ತರದ ಫಿಲ್ಟರ್‌ನಲ್ಲೇ ಉದುರಿಹೋಗ್ತೀನಿ ಅಂತ ಹಾಕಿದೆ."

ಈ ಭಯ ಇವರೊಬ್ಬರದಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನ್ಯೂಯಾರ್ಕ್‌ನ 80 ಮಂದಿ ಆನ್‌ಲೈನ್ ಡೇಟಿಂಗ್ ಬಳಕೆದಾರರನ್ನು ಅಳೆದು ತೂಗಿದಾಗ, ಶೇ. 81ರಷ್ಟು ಮಂದಿ ಎತ್ತರ, ತೂಕ, ವಯಸ್ಸಿನಲ್ಲಿ ಒಂದನ್ನಾದರೂ ತಿರುಚಿದ್ದರು. ಆದರೆ ಬಹುಪಾಲು ಎದುರಿಗೆ ನಿಂತರೂ ತಿಳಿಯದಷ್ಟು ಚಿಕ್ಕ ಸುಳ್ಳುಗಳು. ಮೂರು ಅಂಗುಲ ತಿಳಿಯುತ್ತದೆ.

ನನಗೆ ಅದಕ್ಕಿಂತ ದೊಡ್ಡ ತೊಡಕಾಗಿ ಕಂಡದ್ದು ಭೇಟಿಗೆ ಮುಂಚಿನ ಐದಾರು ವಾರದ ಚಾಟ್. ಇವರು ಹೇಳದೆ ಬಿಟ್ಟದ್ದನ್ನೆಲ್ಲ ಆಕೆ ಅಷ್ಟರಲ್ಲಿ ತನಗೆ ಇಷ್ಟವಾದಂತೆ ತುಂಬಿಕೊಂಡಿರುತ್ತಾಳೆ. ನಿಜವಾಗಿ 5 ಅಡಿ 9 ಇರುವವನೂ ಆ ಚಿತ್ರದ ಮುಂದೆ ಸಪ್ಪೆಯೇ.

ಎತ್ತರವನ್ನು ಅಂದೇ ತಿದ್ದಿಸಿದೆ. ಫೋಟೊಗಳು ಒಂದು ವರ್ಷದೊಳಗಿನವಿರಲಿ. ಮೊದಲನೆಯದು ಒಬ್ಬರೇ, ಕೂಲಿಂಗ್ ಗ್ಲಾಸ್ ಇಲ್ಲದೆ, ಕಿಟಕಿ ಬೆಳಕಿಗೆ ಮುಖಮಾಡಿ. ಒಂದಾದರೂ ತಲೆಯಿಂದ ಕಾಲಿನವರೆಗೆ ಕಾಣಲಿ. "ಟ್ರಾವೆಲ್, ಫುಡ್, ಮ್ಯೂಸಿಕ್" ಎಂದು ಪ್ರೊಫೈಲ್ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ಯಾರಾದರೂ ಏನು ಮಾತಾಡಿಯಾರು? ಅದನ್ನು ಅಳಿಸಿ, "ಬೆಣ್ಣೆದೋಸೆ ವಿಷಯದಲ್ಲಿ ಬೆಂಗಳೂರನ್ನು ನಂಬಲ್ಲ" ಎಂದು ಅವರೇ ಬರೆದರು. ಜಗಳಕ್ಕಾದರೂ ಜನ ಬರುತ್ತಾರೆ. ತಾವು ಮಾತು ತೆಗೆಯುವಾಗ ಬರೀ "ಹಾಯ್" ಬೇಡ, ಆಕೆಯ ಒಂದು ಫೋಟೊ ಇಲ್ಲವೇ ಉತ್ತರದ ಮೇಲೆಯೇ ಕಮೆಂಟ್ ಮಾಡಬೇಕು.

ಚಾಟ್ ಆ್ಯಪ್‌ನಲ್ಲೇ ಒಂದು ವಾರ, ಆಮೇಲೆ ಹತ್ತು ನಿಮಿಷದ ವಿಡಿಯೊ ಕಾಲ್, ಎರಡನೇ ವಾರ ಮುಗಿಯುವುದರೊಳಗೆ ಹಗಲಲ್ಲಿ, ಜನರಿರುವ ಕಡೆ ಒಂದು ಗಂಟೆಯ ಕಾಫಿ. ಜಾಗ ಆಕೆಯೇ ಆರಿಸಲಿ. ಮನೆಗೆ ಬಿಡುತ್ತೇನೆಂಬ ಒತ್ತಾಯ ಬೇಡ. ವಿಡಿಯೊ ತಪ್ಪಿಸುತ್ತ ಹಣದ ಮಾತೆತ್ತುವವರನ್ನು ಬ್ಲಾಕ್ ಮಾಡಬೇಕು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹಳೆಯ ನಾಲ್ವರಿಗೂ "ಯಾಕೆ ಹೋದ್ರಿ?" ಎಂದು ಮೆಸೇಜ್ ಹಾಕುವ ಯೋಚನೆ ಅವರಿಗಿತ್ತು. ಖಂಡಿತ ಬೇಡ ಎಂದೆ.

ಮೂರನೇ ಸಲ ಬಂದಾಗ ಮ್ಯಾಚ್ ಅರ್ಧಕ್ಕಿಳಿದಿದೆ ಎಂದು ಗೊಣಗಿದರು. ಇಳಿಯಬೇಕಾದದ್ದೇ. ಒಬ್ಬರ ಜೊತೆ ಎರಡನೇ ಕಾಫಿ ಆಗಿದೆಯಂತೆ.