ಅಮ್ಮನ ವೀಲ್‌ಚೇರ್ ವಿಮಾನದ ಬಾಗಿಲವರೆಗೂ ಬರಲಿ

ಪ್ರಶ್ನೆ: ಅಮ್ಮನಿಗೆ 62 ವರ್ಷ. 6 ವರ್ಷದ ಹಿಂದೆ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಎರಡೂ ಕಾಲಲ್ಲಿ ಸ್ವಾಧೀನ ಇಲ್ಲ. ಕೈಯಿಂದ ತಳ್ಳುವ ವೀಲ್‌ಚೇರ್ ಬಳಸುತ್ತಾರೆ. ತಂಗಿ ಸಿಂಗಪುರದಲ್ಲಿದ್ದಾಳೆ, ಆದರೆ ಅವಳ ಮನೆ ತೀರಾ ಚಿಕ್ಕದು. ಫೆಬ್ರವರಿಯಲ್ಲಿ ಒಂದು ವಾರ ಕರೆದುಕೊಂಡು ಹೋಗಬೇಕು ಅಂತ ಆಸೆ. ನೆಂಟರೆಲ್ಲ ‘ಸುಮ್ನೆ ಯಾಕೆ ಅವರಿಗೆ ತೊಂದರೆ’ ಅನ್ನುತ್ತಾರೆ. ಏನೇನು ತಯಾರಿ ಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಹೋಗಿ ಬನ್ನಿ. ನೆಂಟರು ಏನು ಅಂದರು ಅಂತ ಬರೆದಿದ್ದೀರಿ, ಅಮ್ಮ ಏನು ಅಂದರು ಅಂತ ಬರೆದಿಲ್ಲ. ಮೊದಲು ಅವರ ಪಕ್ಕ ಕೂತು ಕೇಳಿ. ಯಾರು ಎತ್ತಿದರೆ ಅವರಿಗೆ ಮುಜುಗರ, ಎಷ್ಟು ಹೊತ್ತು ಕೂತರೆ ನೋವು, ಏನು ನೋಡುವ ಆಸೆ. ಉಳಿದ ಲೆಕ್ಕವೆಲ್ಲ ಅಲ್ಲಿಂದ ಶುರುವಾಗಲಿ.

ಟಿಕೆಟ್ ಮಾಡುವಾಗ ಬರೀ ‘ವೀಲ್‌ಚೇರ್ ಬೇಕು’ ಅಂದರೆ ಸಾಲದು. ವಿಮಾನದವರ ಹತ್ತಿರ ಇದಕ್ಕೆ ಮೂರು ಕೋಡ್ ಇವೆ. ದೂರ ನಡೆಯಲಾಗದವರಿಗೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲು ಹತ್ತಲಾಗದವರಿಗೆ ಡಬ್ಲ್ಯುಸಿಎಚ್‌ಎಸ್, ಸೀಟಿನವರೆಗೂ ನೆರವು ಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ನಿಮ್ಮ ಅಮ್ಮನಿಗೆ ಕೊನೆಯದು ಬೇಕು. ಕಡಿಮೆಯೆಂದರೂ 48 ಗಂಟೆ ಮೊದಲು ಫೋನ್ ಮಾಡಿ, ಕೋಡ್ ಹೇಳಿ, ಟಿಕೆಟ್‌ನಲ್ಲಿ ನಮೂದಾಗಿದೆಯೇ ನೋಡಿ. ಟರ್ಮಿನಲ್‌ನಿಂದ ನೇರ ವಿಮಾನದ ಬಾಗಿಲಿಗೆ ಸೇರಿಸುವ ಏರೋಬ್ರಿಡ್ಜ್ ಇಲ್ಲದಿದ್ದರೆ, ಕುರ್ಚಿ ಸಮೇತ ಬಾಗಿಲಿಗೆ ಎತ್ತುವ ವಾಹನ, ಅಂದರೆ ಆಂಬುಲಿಫ್ಟ್ ಬೇಕು ಅಂತಲೂ ಆಗಲೇ ಹೇಳಿಬಿಡಿ.

ಚೆಕ್‌–ಇನ್‌ನಲ್ಲಿ ಸ್ವಂತ ಕುರ್ಚಿ ಕೊಟ್ಟು ವಿಮಾನದವರ ಕುರ್ಚಿಯಲ್ಲಿ ಕೂರಿ ಅನ್ನಬಹುದು. ಒಪ್ಪಬೇಡಿ. ವಿಮಾನದ ಬಾಗಿಲವರೆಗೂ ನಮ್ಮದೇ ಕುರ್ಚಿ ಬೇಕು, ಇಳಿದಾಗ ಬಾಗಿಲಲ್ಲೇ ವಾಪಸ್ ಬೇಕು ಅಂತ ಕೇಳಿ, ಟ್ಯಾಗ್ ಹಾಕಿಸಿ. ಇದಕ್ಕೆ ಲಗೇಜ್ ದುಡ್ಡು ಇಲ್ಲ. ನನ್ನ ಅಣ್ಣ ವೀಲ್‌ಚೇರ್ ಬಳಸುತ್ತಾರೆ. ಒಂದು ಪ್ರಯಾಣದಲ್ಲಿ ಅವರ ಕುರ್ಚಿ ಬಂತು, ಕಾಲಿಡುವ ಎಡಗಡೆಯ ಫುಟ್‌ರೆಸ್ಟ್ ಬರಲೇ ಇಲ್ಲ. ನಾಲ್ಕು ದಿನ ಅವರ ಕಾಲನ್ನು ದುಪ್ಪಟ್ಟಾದಿಂದ ಕಟ್ಟಿಕೊಂಡು ಓಡಾಡಿದೆವು. ಆಮೇಲಿಂದ ಕಳಚುವ ಭಾಗವೆಲ್ಲ ಒಂದು ಚೀಲಕ್ಕೆ ಹಾಕಿ ವಿಮಾನದ ಒಳಗೇ ಒಯ್ಯುತ್ತೇವೆ. ಕುರ್ಚಿಯನ್ನು ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯುತ್ತೇವೆ.

ಬಾಗಿಲಿಂದ ಸೀಟಿಗೆ, ಸೀಟುಗಳ ನಡುವಿನ ದಾರಿಯಲ್ಲಿ ಹಿಡಿಸುವ ಕಿರಿದಾದ ಐಲ್ ಚೇರ್‌ನಲ್ಲಿ ಕರೆದೊಯ್ಯುತ್ತಾರೆ. ಎಷ್ಟೋ ವಿಮಾನಗಳಲ್ಲಿ ಓಡಾಡುವ ದಾರಿ ಕಡೆಯ ಸೀಟಿನ ಕೈಹಿಡಿ ಮೇಲೇಳುವುದೇ ಇಲ್ಲ ಅನ್ನಿಸುತ್ತದೆ. ಅದರ ಅಡಿಯಲ್ಲಿ, ಹಿಂಬದಿಗೆ ಬೆರಳು ಹಾಕಿ ತಡಕಿ. ಅಲ್ಲೊಂದು ಚಿಕ್ಕ ಗುಂಡಿ ಇದ್ದರೆ ಒತ್ತಿದ ಕೂಡಲೇ ಮೇಲೇಳುತ್ತದೆ. ಆಗ ಅಮ್ಮನನ್ನು ಎತ್ತಬೇಕಿಲ್ಲ, ಪಕ್ಕಕ್ಕೆ ಸರಿಸಿದರೆ ಸಾಕು. ಕುರ್ಚಿಯ ಕುಶನ್ ಕೈಯಲ್ಲೇ ಇರಲಿ. ಬೆಂಗಳೂರಿಂದ ಸಿಂಗಪುರಕ್ಕೆ ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ, ಕಾಯುವುದು ಸೇರಿದರೆ ಇನ್ನೂ ಜಾಸ್ತಿ. ಸ್ಪರ್ಶ ಗೊತ್ತಾಗದವರಿಗೆ ಒತ್ತಿದ ಕಡೆ ಹುಣ್ಣಾಗಲು ಅಷ್ಟು ಹೊತ್ತು ಸಾಕು. ಅರ್ಧ ಗಂಟೆಗೊಮ್ಮೆ ಮೈಭಾರ ಬದಲಿಸಿ.

ಇನ್ನು ಟಾಯ್ಲೆಟ್. ಕೇಳಲು ನಾಚಿಕೆಯಾಗುತ್ತದೆ ಅಂತ ಎಷ್ಟೋ ಜನ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮೂತ್ರದ ಸೋಂಕು ಬೇಗ ಹತ್ತಿಕೊಳ್ಳುತ್ತದೆ. ಕೆಥೆಟರ್ (ಮೂತ್ರ ಹೊರಬಿಡುವ ನಳಿಕೆ), ಡೈಪರ್ ಯಾವುದು ಸರಿ ಅಂತ ಡಾಕ್ಟರ್ ಹತ್ತಿರ ಮುಂಚೆಯೇ ಮಾತಾಡಿ. ಒಂದೆರಡು ಸಲ ಮನೆಯಲ್ಲೇ ಅಭ್ಯಾಸ ಮಾಡಿ.

ಹೋಟೆಲ್‌ನವರು ‘ವೀಲ್‌ಚೇರ್ ರೂಮ್ ಇದೆ’ ಅಂದರೆ ಅಷ್ಟಕ್ಕೇ ನಂಬಬೇಡಿ. ಇವತ್ತೇ ಟೇಪ್ ತೆಗೆದುಕೊಂಡು ಅಮ್ಮನ ಕುರ್ಚಿಯ ಅಗಲ ಅಳೆಯಿರಿ, ಚಕ್ರದ ಹೊರಗಿನ ರಿಂಗ್ ಸೇರಿಸಿ. 64 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಬಚ್ಚಲ ಬಾಗಿಲು 60 ಇದ್ದರೆ ಆ ಒಂದು ವಾರ ಹೇಗಿರುತ್ತದೆ ಯೋಚಿಸಿ! ಬಾಗಿಲ ಅಗಲ, ಮಂಚದ ಎತ್ತರ, ಕಮೋಡ್ ಪಕ್ಕ ಎಷ್ಟು ಜಾಗ ಇದೆ, ಸ್ನಾನಕ್ಕೆ ಟಬ್ಬೋ ಸಮತಟ್ಟಾದ ನೆಲವೋ, ಎಲ್ಲದರ ಫೋಟೊ ತರಿಸಿಕೊಳ್ಳಿ. ತಂಗಿ ಅಲ್ಲೇ ಇದ್ದಾರಲ್ವಾ? ಟೇಪ್ ಹಿಡಿದು ಒಮ್ಮೆ ಹೋಗಿ ನೋಡಿ ಬರಲಿ.

ಊರು ಸುತ್ತುವ ಚಿಂತೆ ಅಷ್ಟಿಲ್ಲ. ಸಿಂಗಪುರದ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಅಲ್ಲಿನ ಸಾರ್ವಜನಿಕ ಬಸ್‌ಗಳಿಗೂ ವೀಲ್‌ಚೇರ್ ಹತ್ತುತ್ತದೆ. ಡ್ರೈವರ್ ಇಳಿದು ಬಂದು ರ‍್ಯಾಂಪ್ ಹಾಕುತ್ತಾರೆ. ಗಾರ್ಡನ್ಸ್ ಬೈ ದ ಬೇ ಆರಾಮಾಗಿ ನೋಡಬಹುದು. ಲಿಟ್ಲ್ ಇಂಡಿಯಾದಲ್ಲಿ ಮಾತ್ರ ಹಳೆ ಅಂಗಡಿಗಳ ಮುಂದಿನ ಜಗಲಿಗೆ ನಡುನಡುವೆ ಮೆಟ್ಟಿಲಿದೆ, ನಿಧಾನ. ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ.

ಔಷಧಿಯ ವಿಷಯದಲ್ಲಿ ಆ ದೇಶ ಬಹಳ ಕಟ್ಟುನಿಟ್ಟು. ಕೊಡೀನ್ ಇರುವ ನೋವಿನ ಮಾತ್ರೆ, ಸ್ನಾಯು ಸೆಳೆತಕ್ಕೂ ಕೊಡುವ ಡಯಾಜೆಪಾಮ್‌ನಂಥವಕ್ಕೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಹೆಲ್ತ್ ಸೈನ್ಸಸ್ ಅಥಾರಿಟಿಯ ಅನುಮತಿ ಮೊದಲೇ ಬೇಕಾಗಬಹುದು. ಸ್ನಾಯು ಸೆಳೆತಕ್ಕೆ ಅಮ್ಮ ಏನಾದರೂ ನುಂಗುತ್ತಿದ್ದರೆ ಹೆಸರು ನೋಡಿಕೊಳ್ಳಿ. ಡಾಕ್ಟರ್ ಪತ್ರ ಇಂಗ್ಲಿಷ್‌ನಲ್ಲಿರಲಿ.

ಪ್ರಶ್ನೆ: ನನ್ನದು ಬ್ಯಾಟರಿ ವೀಲ್‌ಚೇರ್. ವಿಮಾನದಲ್ಲಿ ಬಿಡುತ್ತಾರಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬಿಡುತ್ತಾರೆ, ಮುಂಚೆ ಒಪ್ಪಿಗೆ ಪಡೆದಿರಬೇಕು. ಕಳಚಲು ಬರುವ ಲಿಥಿಯಂ ಬ್ಯಾಟರಿಯಾದರೆ ನೀವೇ ಒಳಗೆ ಒಯ್ಯಬೇಕು. ಒಂದಿದ್ದರೆ 300 ವ್ಯಾಟ್–ಅವರ್ ಮೀರಬಾರದು, ಎರಡಿದ್ದರೆ ತಲಾ 160. ಬ್ಯಾಟರಿ ಮೇಲಿನ ವೋಲ್ಟ್ ಮತ್ತು ಆಂಪಿಯರ್–ಅವರ್ ಗುಣಿಸಿ. 24 ವೋಲ್ಟ್, 10 ಆಂಪಿಯರ್–ಅವರ್ ಅಂದರೆ 240. ಬ್ಯಾಟರಿ ಮೇಲಿನ ಚೀಟಿ ಮಾಸಿಹೋಗಿದ್ದರೆ ಕಂಪನಿಯಿಂದ ಪತ್ರ ತರಿಸಿಕೊಳ್ಳಿ, ಕೌಂಟರ್‌ನಲ್ಲಿ ಬಾಯಿಮಾತು ನಡೆಯುವುದಿಲ್ಲ. ಕುರ್ಚಿಯನ್ನು ನ್ಯೂಟ್ರಲ್‌ಗೆ ಹಾಕಿ ತಳ್ಳುವುದು ಹೇಗೆ ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಚಿತ್ರದ ಸಮೇತ ಸೀಟಿನ ಬೆನ್ನಿಗೆ ಅಂಟಿಸಿ.