ದರೋಡೆ ತೋರಿಸದ ದರೋಡೆ ಸಿನಿಮಾ

ಪ್ರಶ್ನೆ: ಕಾಫಿ ಗೋಡೌನ್ ದರೋಡೆ ಕೈಕೊಡುವ ಕಥೆ ಬರೆದಿದ್ದೇವೆ. ಲಾರಿ ಚೇಸ್, ಗುಂಡಿನ ಕಾಳಗಕ್ಕೆಲ್ಲ ದುಡ್ಡಿಲ್ಲ ಸರ್. ಸಿನಿಮಾ ಆಸೆ ಬಿಟ್ಟುಬಿಡೋದಾ?
– ನಾಲ್ವರು ಗೆಳೆಯರು, ಸೋಮವಾರಪೇಟೆ

ಉತ್ತರ: ಖಂಡಿತ ಬಿಡಬೇಡಿ! 1992ರಲ್ಲಿ ಬಂದ ಹಾಲಿವುಡ್ ನಿರ್ದೇಶಕ ಟ್ಯಾರಂಟಿನೊ ಅವರ ‘ರಿಸರ್ವಾಯರ್ ಡಾಗ್ಸ್’ ನೋಡಿ. ವಜ್ರದ ದರೋಡೆಯನ್ನು ಅದರಲ್ಲಿ ತೋರಿಸಿಯೇ ಇಲ್ಲ. ಹೆಚ್ಚಿನ ಕಥೆ ಒಂದೇ ಗೋದಾಮಿನೊಳಗೆ. ಕಳ್ಳರು ಒಬ್ಬೊಬ್ಬರಾಗಿ ಓಡಿ ಬರುತ್ತಾರೆ. ಒಬ್ಬನ ಹೊಟ್ಟೆಗೆ ಗುಂಡು ಬಿದ್ದಿದೆ. ನಮ್ಮಲ್ಲೇ ಪೊಲೀಸಿನವನು ಯಾರು ಅಂತ ಜಗಳ. ಅಷ್ಟರಲ್ಲೇ ನಮ್ಮ ಎದೆ ಹೊಡೆದುಕೊಳ್ಳುತ್ತದೆ.

ಗೋಡೌನ್ ನಿಮ್ಮೂರಲ್ಲೇ ಇದೆ, ಅಲ್ವಾ? ಜುಲೈ ರಾತ್ರಿ ಒಳಗೆ ಕೂತು ನೋಡಿ. ನಾನು ಕೂತಿದ್ದೇನೆ. ತಗಡಿನ ಮೇಲೆ ಮಳೆ ಹೊಡೆದರೆ ಪಕ್ಕದವನ ಮಾತೂ ಕೇಳಿಸದು. ಕರೆಂಟ್ ಇಲ್ಲ. ಟಾರ್ಚ್ ಹಾಕಿದರೆ ಹರಿದ ಗೋಣಿಚೀಲದಿಂದ ಕರಿಮೆಣಸು ಸಿಮೆಂಟ್ ನೆಲಕ್ಕೆ ಸುರಿಯುತ್ತಿರುತ್ತದೆ. ಅದರ ಮೇಲೆ ಒಬ್ಬ ಕಾಲಿಟ್ಟು ಜಾರಲಿ, ಕೈಯಲ್ಲಿದ್ದ ಬೀಗದ ಕೀ ಚೀಲಗಳ ಸಂದಿಗೆ ಬೀಳಲಿ. ಪ್ಲಾನ್ ಅಲ್ಲೇ ಕೆಡಬೇಕು.

ಒಂದು ಮಾತು, ಆ ಮಳೆಯಲ್ಲಿ ಸಂಭಾಷಣೆ ಸರಿಯಾಗಿ ರೆಕಾರ್ಡ್ ಆಗುವುದಿಲ್ಲ. ಡಬ್ಬಿಂಗ್‌ಗೆ ಮೊದಲೇ ಸ್ವಲ್ಪ ದುಡ್ಡು ಎತ್ತಿಡಿ. ಸ್ಕ್ರಿಪ್ಟ್ ಕಳಿಸಿ, ಓದುತ್ತೇನೆ.